ಹೆರುವವಳ ಪಕ್ಕ ಯಾರಿದ್ದಾರೆ?

(ತುಮಕೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರು, ಅವರ ಅಮ್ಮಂದಿರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಉದ್ದವಾದ ಕಡೆ ಸ್ವಲ್ಪ ಮೊಟಕು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ತಾಯ್ತನದ ಮಹಿಮೆ' ಅಂತ ಅಚ್ಚಾಗಿದೆ. ಮಹಿಮೆ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಅಮ್ಮಂದಿರ ದಿನ ಬಂದರೆ ಮೊಬೈಲ್ ತುಂಬ ಅದೇ. ನಾನು ಮಹಿಮೆಯನ್ನು ಪಕ್ಕಕ್ಕಿಟ್ಟು ಹೆರಿಗೆಯ ಬಗ್ಗೆ ಮಾತಾಡುತ್ತೇನೆ. ಸಂಘಟಕರು ಬೇಜಾರು ಮಾಡಿಕೊಳ್ಳಬಾರದು.

ತಾಯಿಯನ್ನು ಬಾಯಿ ತುಂಬ ಹೊಗಳುವ ನಾವು ಆಕೆ ತಾಯಿಯಾಗುವ ಆ ಕೆಲವು ಗಂಟೆಗಳ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ಮದುವೆ ಊಟದಲ್ಲಿ ಯಾವ ಸಿಹಿ ಬಡಿಸಿದರು ಅಂತ ಹತ್ತು ವರ್ಷ ಆದ ಮೇಲೂ ಹೇಳುತ್ತೇವೆ. ಹೆರಿಗೆ ಹೇಗಾಯಿತು ಅಂತ ಕೇಳಿದರೆ, 'ಗಂಡು ಮಗು, ಮೂರು ಕೆಜಿ' ಅಂತ ಮಗುವಿನ ಸಮಾಚಾರ ಹೇಳಿ ಮುಗಿಸುತ್ತೇವೆ. ಹೆತ್ತವಳಿಗೆ ಏನಾಯಿತು ಅನ್ನೋದು ಅವಳಿಗೆ, ಅವಳಮ್ಮನಿಗೆ ಬಿಟ್ಟ ವಿಷಯ.

ಮುಂದಿನ ಸಾಲಿನ ಹುಡುಗಿಯರು ಈಗಾಗಲೇ ತಲೆ ತಗ್ಗಿಸಿದ್ದೀರಿ. ಪರವಾಗಿಲ್ಲ, ತಗ್ಗಿಸಿಕೊಂಡೇ ಕೇಳಿ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ಎರಡು ಹೆತ್ತಿದ್ದೇನೆ. ಮೊದಲನೆಯದು ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್, ಎರಡನೆಯದು ಪ್ರೈವೇಟಿನಲ್ಲಿ ಸಿಜೇರಿಯನ್. ಹಾಗಾಗಿ ಎರಡೂ ಕಡೆಯವರ ಜೊತೆ ಜಗಳ ಆಡುವ ಹಕ್ಕು ನನಗಿದೆ.

ನನ್ನ ತವರು ಮಧುಗಿರಿ ಕಡೆ. ಹಿರಿಯರ ಹಬ್ಬದ ದಿನ ನಡುಮನೆಯಲ್ಲಿ ಎಡೆ ಇಡುವಾಗ ತಾತನ ಪಂಚೆ, ಟವಲಿನ ಜೊತೆ ಒಂದು ಹಸಿರು ಸೀರೆಯನ್ನೂ ಇಡುತ್ತಿದ್ದರು. ನಮ್ಮಜ್ಜಿ ಆಗಿನ್ನೂ ಗಟ್ಟಿಮುಟ್ಟಾಗಿದ್ದರು, ಅಲ್ಲೇ ಪಕ್ಕದಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದರು. ಹಾಗಾದರೆ ಸೀರೆ ಯಾರಿಗೆ? ಒಂದು ಸಲ ಕೇಳಿಯೇಬಿಟ್ಟೆ. 'ನಮ್ಮಕ್ಕನಿಗೆ ಕಣೆ' ಅಂದರು. ಅಜ್ಜಿಗೆ ಒಡಹುಟ್ಟಿದ ಅಕ್ಕ ಯಾರೂ ಇರಲಿಲ್ಲ. ಅದು ತಾತನ ಮೊದಲ ಹೆಂಡತಿಗೆ ಇಡುವ ಸೀರೆ. ಚೊಚ್ಚಲ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿ, ನೋವು ತಿಂದೂ ತಿಂದೂ ಮೂರನೇ ದಿನಕ್ಕೆ ಹೋದಳಂತೆ. ಮಗುವೂ ಉಳಿಯಲಿಲ್ಲ. ಒಂದು ಫೋಟೋ ಇಲ್ಲ. ಹೆಸರು ನಮ್ಮಪ್ಪನಿಗೂ ಗೊತ್ತಿರಲಿಲ್ಲ. ವರ್ಷಕ್ಕೊಂದು ಸೀರೆ, ಅಷ್ಟೇ. ಹಬ್ಬ ಕಳೆದ ಮೇಲೆ ಆ ಸೀರೆಯನ್ನು ಅಜ್ಜಿಯೇ ಉಡುತ್ತಿದ್ದರು.

ನಿಮ್ಮ ಮನೆಗಳಲ್ಲೂ ಕೇಳಿ ನೋಡಿ. ಹಳೇ ಮನೆತನಗಳಲ್ಲಿ ಎರಡನೇ ಸಂಬಂಧದ ಕಥೆ ಕೆದಕಿದರೆ ಬಹಳ ಸಲ ಅಡಿಯಲ್ಲಿ ಒಂದು ಹೆರಿಗೆ ಸಿಗುತ್ತದೆ. 'ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ' ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ ಮಾತಲ್ಲ. ಮರುಜನ್ಮ ಸಿಗದೇ ಹೋದವರನ್ನು ಕಣ್ಣಾರೆ ಕಂಡು ಹೇಳಿದ್ದು.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಈಚೆಗೆ 'ಹಿಂದಿನ ಕಾಲದವರು ಮನೆಯಲ್ಲೇ ಆರಾಮಾಗಿ ಹೆರುತ್ತಿದ್ದರು' ಅನ್ನುವ ಮಾತು ಜಾಸ್ತಿಯಾಗಿದೆ. ಆರಾಮ ಏನಿರಲಿಲ್ಲ. ಹಿಂದಿನ ಕಾಲ ಬೇಡ, ಮೊನ್ನೆ ಮೊನ್ನೆಯ ಲೆಕ್ಕ ನೋಡಿ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಅದೇ ಲೆಕ್ಕದಲ್ಲಿ ಪಕ್ಕದ ಕೇರಳದಲ್ಲಿ 19. ಅಂದರೆ ನಾವು ಇಳಿಯಬೇಕಾದ ಮೆಟ್ಟಿಲು ಇನ್ನೂ ಬಹಳ ಇವೆ. ಆದರೂ 228ರಿಂದ 69 ಸಣ್ಣ ಮಾತಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. 2005ರಲ್ಲಿ ಆಸ್ಪತ್ರೆಯಲ್ಲಿ ಹೆರುವ ಬಡವರಿಗೆ ದುಡ್ಡು ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ 108 ಆಂಬ್ಯುಲೆನ್ಸ್ ಬಂತು, ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್ ತಾಲ್ಲೂಕು ಮಟ್ಟಕ್ಕೆ ಬಂತು. ಹಿಂದಿನ ಸಾಲಿನಲ್ಲಿ ಗುಲಾಬಿ ಸೀರೆ ಉಟ್ಟು ಕೂತಿರುವ ಅಕ್ಕಂದಿರೇ, ಈ ಇಳಿತದಲ್ಲಿ ನಿಮ್ಮ ಚಪ್ಪಲಿ ಸವೆದಿದೆ. ಒಂದು ಚಪ್ಪಾಳೆ ಅವರಿಗೆ ಬರಲಿ. ಸಂಬಳ ಯಾವಾಗ ಸರಿಯಾಗುತ್ತೆ ಅನ್ನೋದು ಬೇರೆ ಭಾಷಣ.

ಇನ್ನು ನಮ್ಮ ಜಿಲ್ಲೆಯ ಸೂಲಗಿತ್ತಿ ನರಸಮ್ಮನವರ ವಿಷಯ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಮೂರು ಕಡೆ ಆಂಧ್ರ ಸುತ್ತಿಕೊಂಡ ಬರದ ತಾಲ್ಲೂಕು ಅದು. ಆಗಿನ ಕಾಲಕ್ಕೆ ಡಾಕ್ಟರ್ ಹತ್ತಿರ ಹೋಗಬೇಕು ಅಂದರೆ ಎತ್ತಿನ ಗಾಡಿ ಕಟ್ಟಬೇಕಿತ್ತು. ಅಜ್ಜಿಯಿಂದ ಕಲಿತ ಕೆಲಸ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಸಿಲ್ಲದೆ ಮಾಡಿದರು, 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅನ್ನುತ್ತಾರೆ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದರಂತೆ. ಓದು ಬರಹ ಇಲ್ಲದ ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಅವರ ಬಗ್ಗೆ ಬರೆಯುವವರೆಲ್ಲ ಆ 15 ಸಾವಿರವನ್ನು ಹಿಡಿದುಕೊಳ್ಳುತ್ತಾರೆ. ನನಗೆ ಕಾಡುವುದು ಇನ್ನೊಂದು ಲೆಕ್ಕ. ಅವರು ಸ್ವತಃ ಹೆತ್ತದ್ದು ಹನ್ನೆರಡು ಮಕ್ಕಳನ್ನು. ಅದರಲ್ಲಿ ನಾಲ್ಕು ಚಿಕ್ಕವಿದ್ದಾಗಲೇ ಹೋದವು. ಊರಿನ ಎಲ್ಲರ ಮಕ್ಕಳನ್ನೂ ಕೈಗೆತ್ತಿಕೊಂಡ ಹೆಂಗಸಿನ ಮನೆಯಲ್ಲೇ ಹೀಗೆ. ಕೈಗುಣ ಎಷ್ಟೇ ಇರಲಿ, ರಕ್ತ ಹರಿಯುವುದು ನಿಲ್ಲದಿದ್ದರೆ, ಗರ್ಭನಂಜಾಗಿ ಬಿ.ಪಿ. ಏರಿ ಫಿಟ್ಸ್ ಬಂದರೆ, ಹೊಕ್ಕುಳಬಳ್ಳಿ ಕತ್ತರಿಸಿದ ಕುಡುಗೋಲಿನಿಂದ ಮಗುವಿಗೆ ಧನುರ್ವಾಯು ಹತ್ತಿದರೆ, ಆಗ ಯಾವ ಸೂಲಗಿತ್ತಿಯೂ ಏನೂ ಮಾಡುವ ಹಾಗಿರಲಿಲ್ಲ.

ಹಾಗಾದರೆ ಆಕೆಯ ಹತ್ತಿರ ಇದ್ದದ್ದು ಏನು? ಆಕೆ ಬಿಟ್ಟು ಹೋಗುತ್ತಿರಲಿಲ್ಲ. ನೋವು ಶುರುವಾದ ಮನೆಗೆ ಬಂದರೆ ಮುಗಿಯುವವರೆಗೆ ಅಲ್ಲೇ. ಬಿಸಿನೀರು, ಹರಳೆಣ್ಣೆ, ಸೊಂಟಕ್ಕೆ ಒತ್ತುವ ಕೈ. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂರಬೇಕೆನಿಸಿದರೆ ಕೂರು, ನಡೆಯಬೇಕೆನಿಸಿದರೆ ನಡೆ. ಪಾವಗಡದ ಆ ಅಜ್ಜಿಯೊಬ್ಬರೇ ಅಲ್ಲ, ನಮ್ಮ ಕಡೆಯ ಒಳ್ಳೆಯ ಸೂಲಗಿತ್ತಿಯರೆಲ್ಲ ಹೀಗೇ ಇದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹೆರಿಗೆಯನ್ನು ಆಸ್ಪತ್ರೆಗೆ ಸಾಗಿಸಿದ್ದು ನೂರಕ್ಕೆ ನೂರು ಸರಿ. ಸಾಗಿಸುವಾಗ ಪಕ್ಕದಲ್ಲಿ ಕೂರುವವಳನ್ನು ಬಾಗಿಲ ಹೊರಗೆ ಬಿಟ್ಟೆವು. ನನ್ನ ತಕರಾರು ಇಷ್ಟೇ.

ಬಾಗಿಲ ಒಳಗೆ ಹೇಗಿರುತ್ತೆ ಹೇಳುತ್ತೇನೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಹೇಳಿದರೂ ವ್ಯತ್ಯಾಸ ಇಲ್ಲ. ಸಾಲಾಗಿ ಕಬ್ಬಿಣದ ಟೇಬಲ್‌ಗಳು. ಮೇಲೆ ಕೆಂಪು ರಬ್ಬರ್ ಶೀಟು, ಬೆನ್ನಿಗೆ ತಣ್ಣಗೆ ಹತ್ತುತ್ತದೆ. ಕಾಲು ಎತ್ತಿಡಲು ಎರಡು ಕಂಬಿ. ಎದುರಿಗೆ ಗೋಡೆ ಗಡಿಯಾರ. ನನ್ನ ಅಮ್ಮ ಹೊರಗೆ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದರು. ಫ್ಲಾಸ್ಕಿನಲ್ಲಿ ಬಿಸಿ ಹಾಲಿತ್ತು. ಒಳಗೆ ತರುವ ಹಾಗಿರಲಿಲ್ಲ. ಪಕ್ಕದ ಟೇಬಲಿನಲ್ಲಿ ಗುಬ್ಬಿ ಕಡೆಯ ಒಂದು ಹುಡುಗಿ, ಇನ್ನೂ ಮೀಸೆ ಬಂದಿರದ ಗಂಡನ ಹೆಂಡತಿ, 'ಅಮ್ಮಾ, ಆಗಲ್ಲಮ್ಮಾ' ಅಂತ ಕೂಗುತ್ತಿದ್ದಳು. 'ಕಿರುಚಬೇಡ. ಆವಾಗ ಚೆನ್ನಾಗಿತ್ತಾ?' ಅಂತ ನರ್ಸ್ ಗದರಿದರು.

(ಸಭೆಯಲ್ಲಿ ಈ ಮಾತು ಹೇಳಿದಾಗ ಹಿಂದೆ ಕೂತಿದ್ದ ಅಮ್ಮಂದಿರು ನಕ್ಕರು. ಮುಂದಿನ ಸಾಲಿನ ಹುಡುಗಿಯರಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ನಕ್ಕವರಿಗೆಲ್ಲ ಯಾರೋ ಒಬ್ಬರು ಯಾವತ್ತೋ ಆ ಮಾತು ಹೇಳಿದ್ದರು.)

ನನಗೆ ನೋವು ಏರಿದಾಗ ಬಂದದ್ದು ನೆಲ ಒರೆಸುವ ಆಯಮ್ಮ. ಬಕೆಟ್ ಬದಿಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು, ಮುಷ್ಟಿ ಕಟ್ಟಿ ಸೊಂಟದ ಕೆಳಗೆ ಒತ್ತಿ ಹಿಡಿದರು. ಕೈಯಿಂದ ಫಿನಾಯಿಲ್ ವಾಸನೆ. 'ಉಸಿರು ಬಿಗಿ ಹಿಡೀಬೇಡ ತಾಯಿ, ಬಿಡು. ಹಾ, ಹಂಗೆ ಬಿಡು.' ಆ ರಾತ್ರಿ ನನಗೆ ಯಾರಾದರೂ ಏನಾದರೂ ಹೇಳಿಕೊಟ್ಟಿದ್ದರೆ ಅದು ಅಷ್ಟೇ. ಬೆಳಗ್ಗೆ ಅದೇ ಆಯಮ್ಮ ನಮ್ಮಮ್ಮನ ಹತ್ತಿರ ದುಡ್ಡು ಕೇಳಿದರು ಅನ್ನೋದೂ ನಿಜ. ಹೆಣ್ಣು ಮಗು ಅಂತ ಕಡಿಮೆಗೆ ಒಪ್ಪಿಕೊಂಡರಂತೆ. ಗಂಡಾಗಿದ್ದರೆ ರೇಟು ಬೇರೆ. ನಮ್ಮ ಸಮಾಜ ಹುಟ್ಟಿದ ಮಗುವಿಗೆ ಕಟ್ಟುವ ಮೊದಲ ಬೆಲೆ ಅದು. ಆಯಮ್ಮನನ್ನು ಬೈದು ಪ್ರಯೋಜನ ಇಲ್ಲ. ಗಂಡಿಗೆ ಜಾಸ್ತಿ ಕೊಟ್ಟು ಅಭ್ಯಾಸ ಮಾಡಿಸಿದವರು ನಾವೇ.

ನರ್ಸ್‌ಗಳನ್ನೂ ಬೈಯಲು ನಾನು ಬಂದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ನಾಲ್ಕು ಟೇಬಲ್ ನೋಡುತ್ತಾ ರಿಜಿಸ್ಟರ್ ಬರೆಯುತ್ತಾ ಇದ್ದರೆ ಯಾರಿಗಾದರೂ ತಾಳ್ಮೆ ಕೆಡುತ್ತದೆ. ಅವರು ಪಕ್ಕದಲ್ಲಿ ಕೂರಲು ಆಗುವುದಿಲ್ಲ, ಒಪ್ಪೋಣ. ಹಾಗಿದ್ದ ಮೇಲೆ ಹೊರಗೆ ಫ್ಲಾಸ್ಕ್ ಹಿಡಿದು ಕೂತವರನ್ನು ಒಳಗೆ ಬಿಡಬಹುದಲ್ವಾ?

ಬಿಡಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಒಬ್ಬ ಜೊತೆಗಾತಿ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಸಲಹೆಗಳಲ್ಲಿ ಹೆರುವವಳು ತಾನೇ ಆರಿಸಿಕೊಂಡ ಒಬ್ಬರು ಜೊತೆಗಿರಲಿ, ಅವಳಿಗೆ ಹಿತವಾಗುವ ಭಂಗಿಯಲ್ಲಿ ಅವಳು ಹೆರಲಿ ಎನ್ನುತ್ತದೆ. ಇದು ಬರೀ ಕರುಣೆಯ ಮಾತಲ್ಲ. 2017ರಲ್ಲಿ ಬೇರೆ ಬೇರೆ ದೇಶಗಳ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆರಿಗೆ ಪೂರ್ತಿ ಪಕ್ಕದಲ್ಲಿ ಒಬ್ಬರು ಇದ್ದವರಿಗೆ ನೋವಿನ ಸಮಯ ಕಡಿಮೆಯಾಗಿತ್ತು, ಸಿಜೇರಿಯನ್ ಕಡಿಮೆಯಾಗಿತ್ತು, ಆಮೇಲೆ ಕೇಳಿದರೆ 'ಕೆಟ್ಟ ಅನುಭವ' ಅಂದವರೂ ಕಡಿಮೆ. ಆ ಅಧ್ಯಯನಗಳಲ್ಲಿ ಇದ್ದ ಹೆಂಗಸರು 15 ಸಾವಿರಕ್ಕೂ ಮೇಲೆ. ನರಸಮ್ಮನವರ ಲೆಕ್ಕವೂ ಅಷ್ಟೇ ನೋಡಿ!

ಇನ್ನು ಒಳಗೆ ಸೇರಿಸುವುದೇ ಇಲ್ಲ ಅಂದರೆ? 2022ರ ನವೆಂಬರ್ ನಿಮಗೆ ನೆನಪಿರಬೇಕು. ನಮ್ಮ ಇದೇ ತುಮಕೂರು. ತಮಿಳುನಾಡಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು, ನೋವು ಶುರುವಾದಾಗ ಕರೆದುಕೊಂಡು ಹೋದವರು ನೆರೆಹೊರೆಯವರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು ಎಂಬ ಆರೋಪ ಬಂತು. ಬಾಡಿಗೆ ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು ಸತ್ತಳು. ಎರಡೂ ಮಕ್ಕಳು ಸತ್ತವು. ಮಂತ್ರಿಗಳು ಬಂದರು, ಕೆಲವರು ಅಮಾನತಾದರು, ತುರ್ತಿಗೆ ಯಾವ ದಾಖಲೆಯನ್ನೂ ಕೇಳಬಾರದು ಅಂತ ಆದೇಶವಾಯಿತು. ತಾಯಿ ಕಾರ್ಡ್ ಕೆಟ್ಟದ್ದಲ್ಲ. ಎಷ್ಟು ಇಂಜೆಕ್ಷನ್ ಆಗಿದೆ, ರಕ್ತ ಎಷ್ಟಿದೆ, ಬಿ.ಪಿ. ಎಷ್ಟು ಅಂತ ಒಂದೇ ಕಡೆ ಇರಲಿ ಅಂತ ಮಾಡಿದ ಪುಸ್ತಕ. ಅದು ಗೇಟ್ ಪಾಸ್ ಆದದ್ದು ಹೇಗೆ? ಇದಕ್ಕೆ ಒಂದಿಬ್ಬರ ಕೆಟ್ಟತನ ಕಾರಣ ಅಂದುಕೊಂಡರೆ ನಮಗೆ ನೆಮ್ಮದಿ. ನನಗೆ ಹಾಗನ್ನಿಸುವುದಿಲ್ಲ. ಕಾಗದ ಸರಿ ಇದ್ದರೆ ತನ್ನ ಕೆಲಸ ಸರಿ ಅನ್ನುವ ಅಭ್ಯಾಸ ನಮ್ಮ ಎಲ್ಲ ಕಚೇರಿಗಳಲ್ಲೂ ಇದೆ. ಹೆರಿಗೆ ಕೋಣೆ ಅದರಿಂದ ಹೊರತಲ್ಲ.

ಈಗ ಸೂತಕದ ವಿಷಯ. ನಮ್ಮ ಕಡೆ ಪುರುಡು ಅನ್ನುತ್ತೇವೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆ ಗುಡಿಸಲಲ್ಲಿ ಇಟ್ಟಿದ್ದರು. ಮಳೆ, ಚಳಿ. ಮಗು ಸತ್ತಿತು. ಆಮೇಲೆ ನ್ಯಾಯಾಧೀಶರೇ ಹಟ್ಟಿಗೆ ಹೋಗಿ ಬುದ್ಧಿ ಹೇಳಿದರು. ಮುಟ್ಟಾದವರನ್ನು, ಬಸುರಿಯರನ್ನು ಹೀಗೆ ಊರಾಚೆ ಇಡುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರಲ್ಲಿ ಮಾಡಿದ ಮೌಢ್ಯ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ.

ಆ ಸುದ್ದಿ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಗೊಲ್ಲರಹಟ್ಟಿಯವರನ್ನು ಬೈದದ್ದೇ ಬೈದದ್ದು. 'ಯಾವ ಕಾಲದಲ್ಲಿದ್ದಾರೋ!' ಬೈಯುತ್ತಿದ್ದವರಲ್ಲಿ ಒಬ್ಬರ ಮನೆಯಲ್ಲಿ ಅದೇ ತಿಂಗಳು ಬಾಣಂತಿ ಇದ್ದಳು. ಹನ್ನೊಂದು ದಿನ ಅವಳಿಗೆ ಬೇರೆ ತಟ್ಟೆ, ಬೇರೆ ಚಾಪೆ, ದೇವರ ಮನೆ ಕಡೆ ಕಾಲಿಡುವ ಹಾಗಿಲ್ಲ, ನೀರಿನ ಕೊಳಗ ಮುಟ್ಟುವ ಹಾಗಿಲ್ಲ. ಹಟ್ಟಿಯವರ ಗುಡಿಸಲು ಊರಾಚೆ ಇರುವುದರಿಂದ ಕ್ಯಾಮೆರಾಕ್ಕೆ ಸಿಗುತ್ತದೆ. ನಮ್ಮ ಗುಡಿಸಲು ಮನೆಯೊಳಗೆ, ಕೊನೇ ರೂಮಿನಲ್ಲಿದೆ, ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಮಳೆ ಬೀಳುವುದಿಲ್ಲ, ಅಷ್ಟು ವ್ಯತ್ಯಾಸ ದೊಡ್ಡದೇ. ಆದರೆ ಅಲ್ಲಿ ಕೂತವಳಿಗೆ ನಾನು ಮೈಲಿಗೆ ಅನ್ನಿಸುವುದರಲ್ಲಿ ವ್ಯತ್ಯಾಸ ಏನಿದೆ?

ಹಳೇ ಪದ್ಧತಿ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಣ್ಣೆ ನೀರು, ಬಿಸಿ ಊಟ, ಕೊಬ್ಬರಿ, ಅಂಟಿನುಂಡೆ, ಸಬ್ಬಸಿಗೆ ಸೊಪ್ಪಿನ ಸಾರು, ತುಪ್ಪ ಹಾಕಿದ ಮೆಣಸಿನ ಸಾರನ್ನ, ಇದಕ್ಕೆಲ್ಲ ನನ್ನ ಮತ ಇದೆ. ತಿಂಗಳುಗಟ್ಟಲೆ ಬಾಣಂತಿಗೆ ಪೊರಕೆ ಮುಟ್ಟಲು ಬಿಡದ ನಮ್ಮ ತವರಿನ ಬಾಣಂತನ ಒಳ್ಳೆಯ ವ್ಯವಸ್ಥೆ. ಹಿಂದೆ ಒಂದು ವಿಚಿತ್ರ ನಡೆಯುತ್ತಿತ್ತು. ಊರಲ್ಲಿ ಹಸು ಕರು ಹಾಕಿದರೆ ಗಿಣ್ಣಿಗೆ ಬೀದಿಯೆಲ್ಲ ಪಾತ್ರೆ ಹಿಡಿದು ಬರುತ್ತಿತ್ತು. ಮನೆ ಹೆಂಗಸಿನ ಮೊದಲ ಹಾಲನ್ನು ಮಾತ್ರ ಕೆಟ್ಟದ್ದು ಅಂತ ಹಿಂಡಿ ಚೆಲ್ಲಿ, ಮಗುವಿಗೆ ಸಕ್ಕರೆ ನೀರು ನೆಕ್ಕಿಸುತ್ತಿದ್ದರು. ಈಗ ಅದು ಬಹಳ ಮಟ್ಟಿಗೆ ನಿಂತಿದೆ. ಬಾಣಂತಿಗೆ ಕುಡಿಯಲು ನೀರು ಕೊಡದೆ ಒಣಗಿಸುವುದು ಇನ್ನೂ ಕೆಲವು ಕಡೆ ಇದೆ. ಎದೆಹಾಲು ಕುಡಿಸುವವಳಿಗೆ ನೀರು ಬೇಡ ಅಂದರೆ ಹಾಲು ಎಲ್ಲಿಂದ ಬರಬೇಕು ಹೇಳಿ?

ಇನ್ನು ನಾರ್ಮಲ್ಲಾ, ಸಿಜೇರಿಯನ್ನಾ ಅನ್ನುವ ಪ್ರಶ್ನೆ. ರಾಜ್ಯದಲ್ಲಿ ನೂರಕ್ಕೆ 31ರ ಮೇಲೆ ಸಿಜೇರಿಯನ್ ಆಗುತ್ತಿದೆ ಅಂತ ಅದೇ ಐದನೇ ಸಮೀಕ್ಷೆ ಹೇಳುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಜಾಸ್ತಿ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನೂರಕ್ಕೆ 10ರಿಂದ 15 ಸಾಕು ಅಂತ. ದುಡ್ಡಿನಾಸೆ ಒಂದು ಕಾರಣ, ಅದನ್ನು ಮುಚ್ಚಿಡಬೇಕಿಲ್ಲ. ಮುಹೂರ್ತ ಇನ್ನೊಂದು. ಜೋಯಿಸರಿಂದ ಲಗ್ನ ಬರೆಸಿಕೊಂಡು ಬಂದು 'ಒಂಬತ್ತೂ ಇಪ್ಪತ್ತರೊಳಗೆ ತೆಗೆದುಬಿಡಿ ಡಾಕ್ಟ್ರೇ' ಅನ್ನುವವರನ್ನು ನಾನೇ ಕಂಡಿದ್ದೇನೆ. ಮೂರನೇ ಕಾರಣ ಹೇಳುವವರು ಕಡಿಮೆ: ಹೆದರಿಕೆ. ನನ್ನ ಶಿಷ್ಯೆಯೊಬ್ಬಳು ಮೊದಲ ಹೆರಿಗೆಯಲ್ಲೇ ತಾನಾಗಿ ಆಪರೇಷನ್ ಮಾಡಿ ಅಂತ ಕೇಳಿದಳು. ಯಾಕೆ ಅಂದರೆ, 'ಮೇಡಂ, ನಮ್ಮಕ್ಕನಿಗೆ ಆ ರೂಮಲ್ಲಿ ಹೊಡೆದರಂತೆ. ಆಪರೇಷನ್ ಆದರೆ ಮಲಗಿರ್ತೀನಿ, ಯಾರೂ ಬೈಯಲ್ಲ' ಅಂದಳು. ಬೈಗುಳಕ್ಕೆ ಹೆದರಿ ಹೊಟ್ಟೆ ಕೊಯ್ಸಿಕೊಳ್ಳುವ ಹುಡುಗಿಗೆ ಏನು ಉಪದೇಶ ಮಾಡೋಣ?

ಸಿಜೇರಿಯನ್ ಆದ ಮೇಲೆ ಅವಳಿಗೆ ಬೇರೆಯೇ ಮಾತು ಕಾದಿರುತ್ತವೆ. 'ನೋವೇ ತಿನ್ನಲಿಲ್ಲವಲ್ಲ, ಪುಣ್ಯವಂತೆ.' ನನಗೂ ಅಂದರು. ಏಳು ಪದರ ಕತ್ತರಿಸಿ ಹೊಲಿದವಳು ಮಾರನೇ ದಿನ ಮಂಚದಿಂದ ಕಾಲು ಕೆಳಗಿಡುವುದನ್ನು ಒಂದು ಸಲ ನಿಂತು ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಎರಡನೇ ಸಲ ನನಗೆ ಅದು ಬೇಕೇ ಬೇಕಿತ್ತು, ಮಗುವಿನ ಎದೆಬಡಿತ ಇಳಿಯುತ್ತಿತ್ತು. ತಾತನ ಮೊದಲ ಹೆಂಡತಿಗೆ ಆ ಕತ್ತಿ ಸಿಕ್ಕಿದ್ದರೆ ನಮ್ಮಜ್ಜಿ ಬೇರೆ ಮನೆ ಸೇರುತ್ತಿದ್ದರು, ನಾನು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ.

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಹೆತ್ತು ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆ ಇಲ್ಲ, ಊಟ ಸೇರಲ್ಲ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲ ಅಂದರೆ ಅದು ಕಾಯಿಲೆ. ಇನ್ನೂ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. ಬಾಣಂತಿ ಸನ್ನಿ ಅಂತ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ತಲೆಗೆ ಗಾಳಿ ಹೊಕ್ಕಿದೆ ಅಂತ ಕಿವಿಗೆ ಹತ್ತಿ ತುರುಕುತ್ತಿದ್ದರು, ಇಲ್ಲಾಂದರೆ ದೇವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಇವತ್ತು ಇದಕ್ಕೆ ಔಷಧ ಇದೆ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರಿಗೆ ಅಂತಲೇ ಬೇರೆ ವಾರ್ಡ್ ಇದೆ, ಮಗುವನ್ನು ಬಿಟ್ಟು ಬರಬೇಕಿಲ್ಲ, ಜೊತೆಗೇ ಇಟ್ಟುಕೊಳ್ಳುತ್ತಾರೆ. ನಮ್ಮ ತೊಂದರೆ ಏನೆಂದರೆ ಬಾಣಂತಿಯನ್ನು ನೋಡಲು ಬಂದ ಐವತ್ತು ಜನರೂ ತೊಟ್ಟಿಲಿಗೆ ಬಗ್ಗುತ್ತಾರೆ. 'ಮೂಗು ಅಪ್ಪನದು, ಬಣ್ಣ ಅಜ್ಜಿಯದು.' ಮಂಚದ ಮೇಲಿದ್ದವಳ ಮುಖ ನೋಡಿದವರು ಎಷ್ಟು ಜನ? ನಿದ್ದೆ ಮಾಡ್ತಿದ್ದೀಯೇನವ್ವ ಅಂತ ಕೇಳಿದವರು?

ಬಾಣಂತನ ಎಲ್ಲರಿಗೂ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. 2017ರ ತಿದ್ದುಪಡಿ ಆದ ಮೇಲೆ ಸಂಘಟಿತ ವಲಯದವರಿಗೆ 26 ವಾರ ಸಂಬಳದ ರಜೆ. ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಶಿರಾ ಕಡೆ ಶೇಂಗಾ ಕೀಳುವ ಕೂಲಿ ಹೆಂಗಸಿಗೆ ಆ ದುಡ್ಡಿನಲ್ಲಿ ಎಷ್ಟು ದಿನ ಮನೆಯಲ್ಲಿ ಕೂರಲಾಗುತ್ತದೆ, ನೀವೇ ಲೆಕ್ಕ ಹಾಕಿ. ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಬಸುರಿಯರಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಆ ರಕ್ತ ಸೀಮಂತದ ದಿನ ಮುಡಿಸುವ ಹೂವಿನಿಂದ ಬರುವುದಿಲ್ಲ.

ಕೊನೆಗೆ, ಹೆರದವರ ಮಾತು. ಸೀಮಂತಕ್ಕೆ ಮಕ್ಕಳಿಲ್ಲದವಳನ್ನು ಕರೆಯುವುದಿಲ್ಲ. ಕರೆದರೂ ಆರತಿ ಎತ್ತಲು ಬಿಡುವುದಿಲ್ಲ. ಅವಳಿಗೂ ಗೊತ್ತು, ಅಡುಗೆ ಮನೆಯಲ್ಲೇ ಉಳಿಯುತ್ತಾಳೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಇದೇ ಮಾತುಗಳನ್ನು ಕೇಳಿ ಬೆಂದವರು. ಗಂಡನ ಊರು ಹುಲಿಕಲ್. ಅಲ್ಲಿಂದ ಕುದೂರಿನ ರಸ್ತೆಗೆ ಗಂಡ ಹೆಂಡತಿ ಇಬ್ಬರೂ ಸೇರಿ ಆಲದ ಗಿಡ ನೆಟ್ಟು, ನೀರು ಹೊತ್ತು ಬೆಳೆಸಿದರು. 380ಕ್ಕೂ ಹೆಚ್ಚು ಮರ. 2019ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಒಂದೇ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದ ಇಬ್ಬರು. ಒಬ್ಬರು ಹೆರಿಗೆ ಮಾಡಿಸಿದವರು, ಇನ್ನೊಬ್ಬರು ಹೆರದವರು. ತಿಮ್ಮಕ್ಕನ ಬಗ್ಗೆ ಮಾತು ಬಂದರೆ ನಾವು ತಪ್ಪದೆ ಹೇಳುವುದು 'ಮರಗಳೇ ಅವರ ಮಕ್ಕಳು' ಅಂತ. ಪ್ರೀತಿಯಿಂದಲೇ ಹೇಳುತ್ತೇವೆ, ಅವರೂ ಹಾಗೆ ಹೇಳಿಕೊಂಡಿದ್ದಾರೆ. ಆದರೂ ನನಗೊಂದು ಕಿರಿಕಿರಿ. ಅಷ್ಟು ದೊಡ್ಡ ಕೆಲಸ ಮಾಡಿದ ಹೆಂಗಸನ್ನು ಒಪ್ಪಿಕೊಳ್ಳಲಿಕ್ಕೂ ನಮಗೆ ಅವರ ಮಡಿಲಿಗೆ ಮಕ್ಕಳನ್ನು ತುಂಬಲೇಬೇಕಾಯಿತಲ್ಲ! ಗಂಡಸೊಬ್ಬ ಕೆರೆ ಕಟ್ಟಿಸಿದರೆ ಕೆರೆಯೇ ಅವನ ಮಗು ಅಂತ ಯಾರೂ ಅನ್ನುವುದಿಲ್ಲ.

ಇಷ್ಟು ಹೇಳಿ ನಾನು ಕೂತೆ. ಪ್ರಶ್ನೆಗಳ ಹೊತ್ತಿನಲ್ಲಿ ಮೊದಲು ಯಾರೂ ಏಳಲಿಲ್ಲ. ಆಮೇಲೆ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದಳು. 'ಮೇಡಂ, ಗಂಡ ಒಳಗೆ ಬರಬಹುದಾ?' ಎಲ್ಲರೂ ಓ ಅಂದರು. ಅವಳು ಕೂರಲಿಲ್ಲ, ಅದು ನನಗೆ ಇಷ್ಟವಾಯಿತು. ನಿಯಮದಲ್ಲಿ ಅದಕ್ಕೂ ಉತ್ತರ ಇದೆ ಅಂದೆ. ಜೊತೆಗಿರುವವರು ಹೆರಿಗೆ ಅನುಭವ ಇರುವ ಹೆಂಗಸಾದರೆ ಒಳ್ಳೆಯದು. ಒಬ್ಬೊಬ್ಬರಿಗೂ ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು.

ಆಗ ಹಿಂದಿನಿಂದ ಒಬ್ಬ ಆಶಾ ಅಕ್ಕ ಕೂತಲ್ಲಿಂದಲೇ ಹೇಳಿದರು. 'ಮೇಡಂ, ಗಂಡ ಆಮೇಲೆ ಬರಲಿ. ನಾನು ಕರೆದುಕೊಂಡು ಹೋಗೋ ಕಡೆ ಮೂರು ಟೇಬಲ್ ಅವೆ, ಮಧ್ಯೆ ಪರದೆ ಇಲ್ಲ. ಅದಕ್ಕೇ ಅವರಮ್ಮನ್ನೂ ಬಿಡಲ್ಲ. ಇನ್ನೊಬ್ಬಳು ಬೆತ್ತಲೆ ಇರ್ತಾಳಲ್ಲ ಅಂತಾರೆ. ಅದೂ ಸರೀನೇ ಅಲ್ವಾ?'

ಸರಿಯೇ. ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇಂಥದ್ದಕ್ಕೆ ದುಡ್ಡಿರುತ್ತಲ್ಲ, ಯಾರಾದರೂ ಕೇಳಿದ್ದೀರಾ ಅಂತ ಕೇಳಿದೆ. ಅವರು ಕೇಳಿರಲಿಲ್ಲ. ಒಂದು ಪರದೆಗೆ ಎಷ್ಟು ಮೀಟರ್ ಬಟ್ಟೆ ಬೇಕು, ಕಂಬಿ ಎಲ್ಲಿಂದ ಎಲ್ಲಿಗೆ ಹಾಕಬೇಕು ಅಂತ ಅಲ್ಲೇ ಶುರುವಾಯಿತು. ಟೈಲರಿಂಗ್ ಮಾಡುವ ಒಬ್ಬ ಅಮ್ಮ ಎದ್ದು ಬಂದು, ಹತ್ತಿ ಬಟ್ಟೆ ಬೇಡ, ದಿನಾ ಒಗೆಯುವುದಕ್ಕೆ ತಡೆಯಲ್ಲ, ರೆಕ್ಸಿನ್ ಆದರೆ ಒರೆಸಬಹುದು ಅಂದರು. ವಂದನಾರ್ಪಣೆ ಮಾಡಬೇಕಿದ್ದ ಹುಡುಗಿ ಮೈಕ್ ಹಿಡಿದು ನಿಂತೇ ಇದ್ದಳು.